ರಾಜಕುಮಾರಿ ಥೆಕ್ಲಾಳ ಸೂತಕ

ಲಂಡನ್. ಸೆಪ್ಟೆಂಬರ್ 24, 1917, ಸೋಮವಾರ

ಬಲಗಾಲಿನ ಹೆಬ್ಬೆರಳು ಮತ್ತೆ ಊದಿದೆ. ಬೂಟು ಹತ್ತಲೊಲ್ಲದು. ಪಾಸ್ಕ್ ಮಂಡಿಯೂರಿ ಎಳೆದ, ನಾನು ಬೈದೆ, ಅವನು ಇನ್ನಷ್ಟು ಎಳೆದ. ಇಪ್ಪತ್ತೆರಡು ವರ್ಷದಿಂದ ನನ್ನ ಬಟ್ಟೆಬರೆ ನೋಡಿಕೊಳ್ಳುವವನು. ನನ್ನ ಬೈಗುಳಕ್ಕೆ ಬೆಲೆ ಕೊಡುವುದನ್ನು ಎಂದೋ ಬಿಟ್ಟಿದ್ದಾನೆ.

"ಇವತ್ತೊಂದಿನ ಮೆತ್ತನೆ ಚಪ್ಪಲಿ ಹಾಕ್ಕೊಂಡು ಹೋಗಿ ಸ್ವಾಮಿ. ಯುದ್ಧಕಾಲ, ಯಾರೂ ಏನೂ ಅನ್ನಲ್ಲ."

"ಅರಮನೆಗೆ ಚಪ್ಪಲಿ! ನಿಂಗೇನು ತಲೆ ಕೆಟ್ಟಿದೆಯೇನೋ?"

ಬೂಟೇ ಹಾಕಿಕೊಂಡೆ. ಕುಂಟಿಕೊಂಡೇ ಹೋದೆ. ಇಂದಿನಿಂದ ಆಸ್ಥಾನದಲ್ಲಿ ನನ್ನ ಸರದಿ, ಪೂರಾ ಒಂದು ತಿಂಗಳು. ಬಂದವರನ್ನು ಒಳಗೆ ಬಿಡುವುದು, ಯಾರು ಯಾರ ಹಿಂದೆ ನಡೆಯಬೇಕೆಂದು ಹೇಳುವುದು, ಅರಸರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಬಾಗಿಲು ಮುಟ್ಟುವುದು. ಅದಲ್ಲದೆ ಸೂತಕದ ಪುಸ್ತಕ. ಯಾವ ದೇಶದ ಯಾವ ರಾಜ ತೀರಿಕೊಂಡರೆ ನಮ್ಮ ಆಸ್ಥಾನ ಎಷ್ಟು ದಿನ ಕಪ್ಪು ಉಡಬೇಕು, ಸೋದರತ್ತೆಗೆಷ್ಟು, ಸೋದರತ್ತೆಯ ಗಂಡನಿಗೆಷ್ಟು, ಎಲ್ಲ ಅದರಲ್ಲಿದೆ. ಹದಿನಾರು ವರ್ಷದಿಂದ ಆ ಪುಸ್ತಕದ ಪುರೋಹಿತ ನಾನೇ.

ಪೆರ್ರಿಯ ಸುದ್ದಿಯಿಲ್ಲ. ಮೂವತ್ತಮೂರು ದಿನ. ಬೆಲ್ಜಿಯಂನ ಕೆಸರಿನಲ್ಲಿ ಆಗಸ್ಟ್ ಇಪ್ಪತ್ತೆರಡರಂದು 'ಕಾಣೆ' ಎಂದು ಯುದ್ಧ ಕಚೇರಿಯ ತಂತಿ. ಅಷ್ಟೇ. ಸತ್ತನೆಂದೂ ಇಲ್ಲ, ಸಿಕ್ಕಿಬಿದ್ದನೆಂದೂ ಇಲ್ಲ. ಇರುವವನೊಬ್ಬನೇ ಮಗ...

ಸೆಪ್ಟೆಂಬರ್ 27, ಗುರುವಾರ

ಗಸ್ಸಿ ಇವತ್ತು ಆರನೆಯ ಪಾರ್ಸೆಲ್ ಕಟ್ಟಿದಳು. ಉಣ್ಣೆಯ ಕಾಲುಚೀಲ ನಾಲ್ಕು ಜೊತೆ, ಕೋಕೋ, ಸೋಪು, ಒಂದು ಡಬ್ಬಿ ಒಣದ್ರಾಕ್ಷಿ ಕೇಕು. ಪೆರ್ರಿ ಯಾವ ಸೆರೆಶಿಬಿರದಲ್ಲಿದ್ದಾನೆಂದು ರೆಡ್ ಕ್ರಾಸ್‌ನವರು ತಿಳಿಸಿದ ಕೂಡಲೇ ಎಲ್ಲ ಒಟ್ಟಿಗೆ ಹೋಗಬೇಕಂತೆ. ಅವನ ಕೋಣೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾಳೆ. ಮನೆಯ ಸಕ್ಕರೆಯೆಲ್ಲ ಆ ಕೇಕುಗಳಿಗೇ ಹೋಗುತ್ತಿದೆ. ನಾನು ಒಂದು ತಿಂಗಳಿಂದ ಕಹಿ ಚಹಾ ಕುಡಿಯುತ್ತಿದ್ದೇನೆ. ಹೇಳಿಲ್ಲ.

"ಲೇಡಿ ಬ್ರಾಕ್ಲಿ ಮಗ ಮೂರು ತಿಂಗಳಾದ ಮೇಲೆ ಸಿಕ್ಕಿದ, ಗೊತ್ತಾ? ಮೂರು ತಿಂಗಳು! ನಮಗಿನ್ನೂ ಒಂದೇ ತಿಂಗಳಾಗಿದ್ದು."

"ಹೌದು."

"ಹೌದು ಅಂತ ಬಾಯಲ್ಲಿ ಹೇಳ್ತೀರಿ, ಮುಖ ನೋಡಿದ್ರೆ ಹೆಣ ಹೊರೋಕೆ ಹೊರಟವರ ಹಾಗಿದೆ. ಸ್ವಲ್ಪ ನಗಬಾರದಾ ಆಬ್ರಿ?"

ನಕ್ಕೆ. ನಕ್ಕದ್ದು ಸರಿಹೋಗಲಿಲ್ಲ. ಆದರೆ ಅವಳಂತೂ ನಕ್ಕಳು. ಮದುವೆಯಾದ ಇಪ್ಪತ್ತೇಳು ವರ್ಷದಿಂದ ನೋಡುತ್ತಿದ್ದೇನೆ, ನಂಬುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನನಗೆ ಆ ಭಾಗ್ಯವಿಲ್ಲ.

ಅಕ್ಟೋಬರ್ 3, ಬುಧವಾರ

ಮುದಿ ರಾಜಕುಮಾರಿ ಥೆಕ್ಲಾ ಹೋದಳು. ಉತ್ತರದ ಕಡೆಯ ತಟಸ್ಥ ನಾಡಿನವಳು, ಅರಸರಿಗೆ ಎಲ್ಲಿಂದಲೋ ಸುತ್ತಿ ಬಳಸಿ ಅತ್ತೆಯಾಗಬೇಕು. ತೊಂಬತ್ತಮೂರು ವರ್ಷ. ಹಾಸಿಗೆಯಲ್ಲಿ, ನಿದ್ದೆಯಲ್ಲಿ, ಬೆಕ್ಕಿನ ಪಕ್ಕದಲ್ಲಿ. ಸಾವೆಂದರೆ ಅದು.

ಕಚೇರಿಯಲ್ಲಿ ಮುಕ್ಕಾಲು ಗಂಟೆ ಜಗಳ. ನಮ್ಮ ಮೇಲಿನವನು ಸರ್ ಲಯೊನೆಲ್ ಗ್ಯಾರೋ ಹತ್ತು ದಿನ ಸಾಕೆಂದ. ಮೂರು ವಾರವೆಂದು ನಾನು.

"ರೀ ಆಬ್ರಿ, ಊರಿಗೆ ಊರೇ ಕಪ್ಪು ಉಟ್ಟಿದೆ. ಮನೆಮನೆಯಲ್ಲೂ ಒಂದೊಂದು ಸಾವು. ಅದರ ನಡುವೆ ಈ ಮುದುಕಿಗೆ ಮೂರು ವಾರ ಅಂದ್ರೆ ಜನ ಉಗೀತಾರೆ."

"ಪುಸ್ತಕದಲ್ಲಿ ಮೂರು ವಾರ ಅಂತಿದೆ."

"ಪುಸ್ತಕ ಬರೆದಾಗ ಯುದ್ಧ ಇರಲಿಲ್ಲ."

"ಇವತ್ತು ಥೆಕ್ಲಾಗೆ ಹತ್ತು ದಿನ ಅಂದ್ರೆ ನಾಳೆ ಇನ್ನೊಬ್ಬರಿಗೆ ಐದು ದಿನ ಅಂತೀರಿ. ಆಮೇಲೆ ಸತ್ತವರಿಗೆ ಬೆಲೆಯೇ ಇಲ್ಲ."

ನಾನೇ ಗೆದ್ದೆ. ಈ ತಿಂಗಳ ಇಪ್ಪತ್ತನಾಲ್ಕರವರೆಗೆ. ನನ್ನ ಕೈಯಾರೆ ಆದೇಶ ಬರೆದು ಮುದ್ರಣಕ್ಕೆ ಕಳಿಸಿದೆ. ಮನಸ್ಸಿಗೆ ಹಿತವಾಯಿತು. ನಾಚಿಕೆಯ ಮಾತು, ಆದರೂ ಹಿತವಾಯಿತು. ಒಂದು ಸಾವಾದರೂ ಈ ವರ್ಷ ಕ್ರಮವಾಗಿ ನಡೆಯಿತಲ್ಲ.

ಅಕ್ಟೋಬರ್ 4, ಗುರುವಾರ. ಸಂಜೆ

ತಲೆಯಿಲ್ಲದ ಕೆಲಸ ಮಾಡಿದೆ. ಪಾಸ್ಕ್ ಬೆಳಿಗ್ಗೆ ಎಡತೋಳಿಗೆ ಕರಿಪಟ್ಟಿ ಹೊಲಿದ. ಕಪ್ಪು ಕೋಟು, ಕಪ್ಪು ಟೈ. ಹಾಗೇ ಸಂಜೆ ಮನೆಗೆ ಬಂದೆ. ಗಸ್ಸಿ ಮೆಟ್ಟಿಲಿಳಿದು ಬರುತ್ತಿದ್ದವಳು ಅಲ್ಲೇ ಕುಸಿದು ಕೂತಳು. ನನ್ನ ತೋಳಿನ ಕಡೆ ಬೆರಳು ತೋರಿಸಿದಳು. ನನಗೆ ಅರ್ಥವಾಗುವಷ್ಟರಲ್ಲಿ ಅವಳ ತುಟಿ ಬೆಳ್ಳಗಾಗಿತ್ತು.

"ಥೆಕ್ಲಾ! ಥೆಕ್ಲಾಗೆ ಕಣೇ! ಮುದುಕಿ ಥೆಕ್ಲಾ ಸತ್ತಳು!"

ಅಷ್ಟು ಜೋರಾಗಿ ಈ ಮನೆಯಲ್ಲಿ ಎಂದೂ ಕೂಗಿರಲಿಲ್ಲ. ಗಸ್ಸಿ ಅತ್ತಳು, ಆಮೇಲೆ ನಕ್ಕಳು, ಆಮೇಲೆ ನನ್ನ ತೋಳಿಗೆ ಗುದ್ದಿದಳು.

"ಪಾಪಿ! ಪಾಪಿ ನೀವು! ಇನ್ನು ಮೇಲೆ ಬಾಗಿಲ ಹೊರಗಿಂದಲೇ ಹೇಳಿ, ಇದು ಯಾರದ್ದು ಅಂತ."

ಆಮೇಲೆ ಊಟಕ್ಕೆ ಕೂತಾಗಲೂ ಥೆಕ್ಲಾಳ ಆತ್ಮಕ್ಕೆ ಶಾಂತಿ ಕೋರಿ ನಕ್ಕಳು. ನಾನೂ.

ಅಕ್ಟೋಬರ್ 8, ಸೋಮವಾರ. ಹನ್ನೊಂದು ಗಂಟೆ, ಕಚೇರಿ

ಅರಮನೆಯ ವಿಳಾಸಕ್ಕೆ ಒಂದು ಪತ್ರ. ಪೆನ್ಸಿಲ್ಲಿನಲ್ಲಿ. ಟೋಬಿನ್ ಎಂಬ ಸಾರ್ಜೆಂಟ್.

ಪೆರ್ರಿ ಸತ್ತಿದ್ದಾನೆ.

ಅದೇ ದಿನ. ನಾಲ್ಕು ಗಂಟೆ

ಮತ್ತೆ ಓದಿದೆ. ಆಗಸ್ಟ್ ಇಪ್ಪತ್ತೆರಡು, ಬೆಳಗಿನ ಏಳರ ಸುಮಾರು. ಟೋಬಿನ್ ಐದು ಅಡಿ ದೂರದಲ್ಲಿದ್ದನಂತೆ. ರಸ್ತೆಯ ಪಕ್ಕ ತಾನೇ ಹೂಳಿದನಂತೆ. ಸಂಜೆ ಆ ರಸ್ತೆಯ ಮೇಲೆಯೇ ಗುಂಡು ಬಿದ್ದು ಗುರುತೆಲ್ಲ ಅಳಿಸಿಹೋಯಿತಂತೆ. ತಾನೂ ಗಾಯಗೊಂಡು ಆಸ್ಪತ್ರೆ ಸೇರಿದ್ದರಿಂದ ವರದಿ ಕೊಡುವವರು ಯಾರೂ ಉಳಿಯಲಿಲ್ಲವಂತೆ. 'ಸಾಹೇಬರು ಸಂಕಟ ಪಡಲಿಲ್ಲ.' ಎಲ್ಲರಿಗೂ ಹಾಗೆಯೇ ಬರೆಯುತ್ತಾರೆಂದು ಕೇಳಿದ್ದೇನೆ.

ಮಧ್ಯಾಹ್ನ ಇಬ್ಬರು ಬಿಷಪ್ಪರನ್ನು ಒಳಗೆ ಬಿಟ್ಟೆ. ಹಿಂದೆ ಹಿಂದೆ ನಡೆದೆ, ಎಡವಲಿಲ್ಲ. ಆ ಹನ್ನೆರಡು ಹೆಜ್ಜೆ ಹೇಗೆ ನಡೆದೆನೋ ದೇವರಿಗೇ ಗೊತ್ತು. ತೋಳಿನಲ್ಲಿ ಪಟ್ಟಿ ಇತ್ತು. ಯಾರೂ ಏನೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಎಲ್ಲರ ತೋಳಿನಲ್ಲೂ ಅದೇ ಪಟ್ಟಿ.

ಈಗ ಮನೆಗೆ ಹೋಗಿ ಹೇಳಬೇಕು.

ಅಕ್ಟೋಬರ್ 9, ಮಂಗಳವಾರ

ಹೇಳಲಿಲ್ಲ.

ಬಾಗಿಲಲ್ಲೇ ಗಸ್ಸಿ ಕೈ ಹಿಡಿದು ಎಳೆದುಕೊಂಡು ಹೋದಳು. ಜಿನೀವಾದ ರೆಡ್ ಕ್ರಾಸ್‌ನಿಂದ ಯಾರೋ ಹೆಂಗಸಿನ ಪತ್ರ. ಹೊಸದಾಗಿ ಸಿಕ್ಕಿದ ಸೆರೆಯಾಳುಗಳ ಪಟ್ಟಿಯಲ್ಲಿ ಹೆಸರು ಹೇಳಲಾರದ ಸ್ಥಿತಿಯ ಮೂವರು ಅಧಿಕಾರಿಗಳಿದ್ದಾರಂತೆ. ಒಬ್ಬನದು ಕೆಂಚು ಕೂದಲಂತೆ, ನಮ್ಮ ಪೆರ್ರಿಯದರ ಹಾಗೆ. "ಕೆಂಚು, ಆಬ್ರಿ! ಕೆಂಚು ಕೂದಲು ಅಂತ ಬರೆದಿದಾಳೆ!" ಎನ್ನುತ್ತ ನನ್ನ ಕುತ್ತಿಗೆಗೆ ಬಿದ್ದಳು. ನನ್ನ ಜೇಬಿನಲ್ಲಿ ಆ ಪತ್ರ. ಅವಳ ಎದೆಗೆ ಒತ್ತಿಕೊಂಡೇ ಇತ್ತು.

ಯಾವ ಗಂಡಸಿಗೆ ಬಾಯಿ ಬರುತ್ತದೆ? ನನಗೆ ಬರಲಿಲ್ಲ.

ಅಕ್ಟೋಬರ್ 10, ಬುಧವಾರ

ಕಾರಣಗಳನ್ನು ಬರೆದಿಡುತ್ತೇನೆ. ಇಲ್ಲಿ ಸುಳ್ಳು ಹೇಳಿ ಯಾರಿಗೇನು ಲಾಭ.

ಟೋಬಿನ್‌ನ ಕಾಗದ ಸರ್ಕಾರದ ಕಾಗದವಲ್ಲ. ಯುದ್ಧ ಕಚೇರಿ ಹೇಳದ ಹೊರತು ಪೆರ್ರಿ 'ಕಾಣೆ'ಯೇ. ನಾನು ಬದುಕಿರುವುದೇ ಸರ್ಕಾರದ ಕಾಗದಗಳ ಮೇಲೆ, ಅವನ್ನು ನಂಬದಿದ್ದರೆ ಇನ್ನೇನು ನಂಬಲಿ.

ಯಾರ ಮನೆಯಲ್ಲಿ ಸಾವಾಗಿದೆಯೋ ಅವನು ಒಂದು ತಿಂಗಳು ಅರಸರೆದುರು ಸುಳಿಯುವಂತಿಲ್ಲ. ಹೇಳಿದ ಮರುಕ್ಷಣ ನನ್ನ ಸರದಿ ಮುಗಿಯಿತು. ಶುಕ್ರವಾರ ಹೊಸ ರಾಯಭಾರಿಯನ್ನು ಒಳಗೆ ಕರೆದೊಯ್ಯಬೇಕಾದವನು ನಾನು. ಮನೆಯಲ್ಲಿ ಕೂರಬೇಕು, ಆ ಪಾರ್ಸೆಲ್ಲುಗಳ ಪಕ್ಕದ ಕೋಣೆಯಲ್ಲಿ, ದಿನವಿಡೀ. ಆಗುವುದಿಲ್ಲ. ನನ್ನಿಂದ ಆಗುವುದಿಲ್ಲ.

ಮೂರನೆಯದು ನಿಜವಾದ ಕಾರಣ. ಹೆದರಿಕೆ. ಅವಳ ಮುಖ ನೋಡಲು ಹೆದರಿಕೆ.

ಶುಕ್ರವಾರ ಕಳೆಯಲಿ. ಖಂಡಿತ ಹೇಳುತ್ತೇನೆ.

ಅಕ್ಟೋಬರ್ 12, ಶುಕ್ರವಾರ

ರಾಯಭಾರಿಯ ಕೆಲಸ ಚೆನ್ನಾಗಿ ನಡೆಯಿತು. ಸರ್ ಲಯೊನೆಲ್ ಬೆನ್ನು ತಟ್ಟಿದ. "ಥೆಕ್ಲಾಗೆ ಮೂರು ವಾರ ಅಂದಾಗ ನಿಮ್ಮನ್ನ ಬೈಕೊಂಡೆ. ಈಗ ನೋಡಿದ್ರೆ ಇಡೀ ಅರಮನೇಲಿ ನಿಮ್ಮಷ್ಟು ಚೆನ್ನಾಗಿ ದುಃಖಿಸೋರು ಯಾರೂ ಇಲ್ಲ ಬಿಡಿ."

ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಟಕಿಯ ಪರದೆಗೆ ಮುಖವಿಟ್ಟು ಅತ್ತೆ. ಹೊರಗೆ ಬಂದಾಗ ಕಾವಲಿನವನು ನೋಡಿದ. ಥೆಕ್ಲಾಳಿಗಾಗಿ ಅಳುವ ಮನುಷ್ಯನೊಬ್ಬ ಲಂಡನ್ನಿನಲ್ಲಿ ಇದ್ದಾನೆಂದು ಅವನಿಗೆ ಆಶ್ಚರ್ಯವಾಗಿರಬೇಕು.

ಅಕ್ಟೋಬರ್ 15, ಸೋಮವಾರ. ಉಪಾಹಾರದ ನಂತರ

"ಗಸ್ಸಿ, ಒಂದು ಮಾತು" ಎಂದೆ.

"ಮೊದಲು ನನ್ನ ಮಾತು ಕೇಳಿ. ಅವನ ಹಾಸಿಗೆ ಬದಲಾಯಿಸ್ಬೇಕು. ಸೆರೆಯಿಂದ ಬಂದವರಿಗೆ ಬೆನ್ನು ಹಾಳಾಗಿರುತ್ತಂತೆ, ಮೆತ್ತನೇದು ಆಗಲ್ಲವಂತೆ. ಲೇಡಿ ಬ್ರಾಕ್ಲಿ ಹೇಳಿದ್ಲು. ಗಟ್ಟಿ ಹಾಸಿಗೆ ತರಿಸ್ಲಾ?"

"ತರಿಸು."

"ಸರಿ. ಈಗ ನಿಮ್ಮದೇನು?"

"ಏನಿಲ್ಲ. ಕಾಲುನೋವು."

"ಅದಕ್ಕೇ ಹೇಳಿದ್ದು ಚಪ್ಪಲಿ ಹಾಕ್ಕೊಳ್ಳಿ ಅಂತ. ಎಲ್ಲಿ, ತೋರಿಸಿ."

ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬಿಸಿನೀರಿನ ಬಟ್ಟೆ ಸುತ್ತಿದಳು. ಗುನುಗುತ್ತಿದ್ದಳು. ಏಳು ವಾರದಲ್ಲಿ ಅವಳು ಗುನುಗಿದ್ದು ಇದೇ ಮೊದಲು. ಇಂಥ ಹೀನ ಮನುಷ್ಯ ನಾನೆಂದು ನನಗೇ ಗೊತ್ತಿರಲಿಲ್ಲ.

ಅಕ್ಟೋಬರ್ 21, ಭಾನುವಾರ

ಕ್ರಮವಾಗಿ ಬರೆಯಲು ನೋಡುತ್ತೇನೆ.

ಮೂರು ಗಂಟೆಗೆ ಅರಮನೆಯ ಪ್ರಾರ್ಥನೆ ಮುಗಿಸಿ ಬಂದೆ. ಹಜಾರದ ಮೇಜಿನ ಮೇಲೆ ಸೈನಿಕನ ಟೋಪಿ. ಪಾಸ್ಕ್ ಕೋಟು ತೆಗೆದುಕೊಳ್ಳುತ್ತ ಪಿಸುಗುಟ್ಟಿದ. "ಪೆರ್ರಿ ಬುದ್ಧಿಯವರ ದಳದ ಸಾರ್ಜೆಂಟ್ ಅಂತೆ ಸ್ವಾಮಿ. ಟೋಬಿನ್ ಅಂತೆ. ಈಗ್ತಾನೆ ಬಂದ್ರು. ಅಮ್ಮಾವ್ರು ಒಳಗೆ ಕೂರಿಸ್ಕೊಂಡಿದಾರೆ."

ಓಡಿದೆ. ನಿಜವಾಗಿ ಓಡಿದೆ, ಆ ಕಾಲಿನಲ್ಲಿ.

ಗಸ್ಸಿ ಚಹಾ ಬಗ್ಗಿಸುತ್ತಿದ್ದಳು. ನೀಲಿ ಉಡುಪು. ಮುಖ ಬೆಳಗುತ್ತಿತ್ತು. "ಬನ್ನಿ ಬನ್ನಿ ಆಬ್ರಿ, ಯಾರು ಬಂದಿದಾರೆ ನೋಡಿ! ಚಹಾ ಕುಡಿಯೋ ತನಕ ಒಂದು ಮಾತೂ ಆಡಕೂಡದು ಅಂತ ಹೇಳಿದೀನಿ. ಪಾಪ, ಚಳೀಲಿ ನಡುಗ್ತಾ ಇದ್ರು."

ಕುರ್ಚಿಯ ಅಂಚಿನಲ್ಲಿ ಕೂತಿದ್ದ ಮನುಷ್ಯ ಎದ್ದು ನಿಂತ. ಒಂದು ಕೈಯಲ್ಲಿ ಕೇಕಿನ ತಟ್ಟೆ, ಇನ್ನೊಂದು ಕೈ ಹಣೆಗೆ. ದಪ್ಪ ಮೀಸೆ, ಕೆನ್ನೆಯ ಮೇಲೆ ಹೊಸ ಗಾಯದ ಗುರುತು. ನನ್ನ ತೋಳನ್ನು ನೋಡಿದ. ಆಮೇಲೆ ಗಸ್ಸಿಯ ನೀಲಿ ಉಡುಪು ನೋಡಿದ. ಮತ್ತೆ ನನ್ನ ತೋಳು.

"ಸಾರ್ಜೆಂಟ್, ನನ್ನ ಓದುವ ಕೋಣೆಗೆ ಬನ್ನಿ" ಎಂದೆ.

"ಎಲ್ಲಿಗೂ ಬೇಡ" ಎಂದಳು ಗಸ್ಸಿ. "ಏನಿದ್ರೂ ನನ್ನೆದುರೇ ಆಗಲಿ."

"ಅದೇ ಸರಿ ಅಮ್ಮಾವ್ರೇ" ಎಂದ ಟೋಬಿನ್. "ನಾನೂ ಬಾಗ್ಲಲ್ಲಿ ನಿಂತು ಹೆದರ್ತಿದ್ದೆ, ನನ್ ಕಾಗ್ದ ಕೈ ಸೇರ್ತೋ ಇಲ್ವೋ ಅಂತ. ಈಗ ದೊರೆಗಳ ತೋಳು ನೋಡ್ದೆ, ಜೀವ ನಿರಾಳ ಆಯ್ತು. ನಾನೇ ಬಾಯ್ಬಿಟ್ಟು ಹೇಳೋ ಕರ್ಮ ತಪ್ತಲ್ಲ."

ಗಸ್ಸಿ ನಕ್ಕಳು. "ಅಯ್ಯೋ, ಅದಾ! ನಾನೂ ಅದನ್ನ ನೋಡಿ ಸತ್ತೇ ಹೋಗಿದ್ದೆ. ಅದು ನಮ್ಮದಲ್ಲ ಸಾರ್ಜೆಂಟ್, ರಾಜಕುಮಾರಿ ಥೆಕ್ಲಾದು."

"ಯಾರದು?"

"ಥೆಕ್ಲಾ. ಅರಸರ ಕಡೆ ನೆಂಟರು. ತೊಂಬತ್ತಮೂರು ವರ್ಷದ ಮುದುಕಿ."

ಟೋಬಿನ್ ತಟ್ಟೆಯನ್ನು ಕೆಳಗಿಟ್ಟ. ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲಿಟ್ಟ. ನನ್ನ ಕಡೆ ನೋಡಿದ. ಒಂದು ಮಾತು ಹೇಳಿ ದೊರೆಗಳೇ ಎಂದು ಅವನ ಕಣ್ಣು ಬೇಡುತ್ತಿತ್ತು. ನಾನು ನನ್ನ ಬೂಟಿನ ತುದಿ ನೋಡಿದೆ.

"ಯಾವ ಕಾಗದ?" ಎಂದಳು ಗಸ್ಸಿ.

"ನಾನು... ಈ ತಿಂಗ್ಳು ಮೊದಲ್ನೇ ವಾರ ಬರ್ದಿದ್ದು ಅಮ್ಮಾವ್ರೇ. ಆಸ್ಪತ್ರೇಲಿ ಕೈ ಆಡೋಕೆ ಶುರುವಾದ್ಮೇಲೆ. ಅರಮನೆ ವಿಳಾಸಕ್ಕೆ, ದೊರೆಗಳ ಹೆಸ್ರಿಗೆ. ಸಾಹೇಬ್ರೇ ಹೇಳಿದ್ರು, ನಂಗೇನಾದ್ರೂ ಆದ್ರೆ ಅಮ್ಮಂಗೆ ಬರೀಬೇಡ ಟೋಬಿನ್, ಅಪ್ಪಂಗೆ ಬರಿ, ಅಪ್ಪ ಮೆತ್ತಗೆ ಹೇಳ್ತಾರೆ ಅಂತ."

ಚಹಾದ ಪಾತ್ರೆ ಅವಳ ಕೈಯಲ್ಲೇ ಇತ್ತು. ನಿಧಾನವಾಗಿ ಮೇಜಿನ ಮೇಲಿಟ್ಟಳು. ಮುಚ್ಚಳ ಸರಿಮಾಡಿದಳು.

"ಕೂತ್ಕೊಳ್ಳಿ ಸಾರ್ಜೆಂಟ್. ಪೂರ್ತಿ ಹೇಳಿ. ಒಂದೂ ಬಿಡಬೇಡಿ."

ಅವನು ಕೂರಲಿಲ್ಲ, ನಿಂತೇ ಹೇಳಿದ. ಅವಳು ಕೇಳಿದಳು. ಎಲ್ಲಿ ತಗುಲಿತು, ಟೋಪಿ ಇತ್ತೋ, ಮಾತಾಡಿದನೋ, ಮಳೆ ಬರುತ್ತಿತ್ತೋ, ಯಾವ ಕಾಲುಚೀಲ ಹಾಕಿದ್ದ. "ಬೂದು ಬಣ್ಣದ್ದು ಅಮ್ಮಾವ್ರೇ, ನೀವು ಕಳ್ಸಿದ್ದು" ಎಂದ ಅವನು. ಅವನ ಗಲ್ಲ ನಡುಗುತ್ತಿತ್ತು, ಅವಳದು ಇಲ್ಲ. ಹೊರಡುವಾಗ ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು, ಮಕ್ಕಳೆಷ್ಟೆಂದು ಕೇಳಿದಳು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ನನ್ನ ಪಕ್ಕ ಹಾದುಹೋಗುವಾಗ ಟೋಬಿನ್ ಸೆಲ್ಯೂಟ್ ಹೊಡೆಯಲಿಲ್ಲ.

ಅವಳು ವಾಪಸು ಬಂದು ನಿಂತಳು.

"ಯಾವತ್ತು ಬಂತು?"

"ಎಂಟನೇ ತಾರೀಖು."

"ಹದಿಮೂರು ದಿನ."

"ಗಸ್ಸಿ..."

"ಅವತ್ತೇ ಸಂಜೆ ನಿಮ್ಮ ಕುತ್ತಿಗೆಗೆ ಬಿದ್ದೆ ನಾನು. ಕೆಂಚು ಕೂದಲು ಅಂತ. ಆಗ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಹಾಸಿಗೆ ತರಿಸ್ಲಾ ಅಂದೆ. ತರಿಸು ಅಂದ್ರಿ."

"ಹೇಳೋಕೆ ಧೈರ್ಯ..."

"ನನ್ನ ಮಗ ಸತ್ತು ಎರಡು ತಿಂಗಳಾಯ್ತು. ಅದರಲ್ಲಿ ಹದಿಮೂರು ದಿನ ನೀವು ಅವನಿಗೆ ಅತ್ತಿದೀರಿ. ಒಬ್ಬರೇ. ಎಲ್ಲರೆದುರು ಕಪ್ಪು ಉಟ್ಕೊಂಡು, ಯಾವಳೋ ಮುದುಕಿ ಹೆಸರಲ್ಲಿ. ನಾನು ಹೆತ್ತವಳು, ಇಲ್ಲಿ ನೀಲಿ ಉಟ್ಕೊಂಡು ಹಾಡ್ತಾ ಕೂತಿದ್ದೆ. ನೀವು ನೋಡ್ತಾ ಇದ್ರಿ ಆಬ್ರಿ. ಕೂತ್ಕೊಂಡು ನೋಡ್ತಾ ಇದ್ರಿ."

ಕೂಗಲಿಲ್ಲ. ಕೂಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೇಲೆ ಹೋಗಿ ಪೆರ್ರಿಯ ಕೋಣೆಯ ಬಾಗಿಲು ಹಾಕಿಕೊಂಡಳು.

ಅಕ್ಟೋಬರ್ 22, ಸೋಮವಾರ

ಸರ್ ಲಯೊನೆಲ್‌ಗೆ ಹೇಳಿದೆ. ಮಗ ಹೋದ, ಸರದಿಯಿಂದ ಬಿಡಿಸಿ ಎಂದೆ. ಎದ್ದು ಬಂದು ಭುಜ ಹಿಡಿದುಕೊಂಡ. ಒಳ್ಳೆಯವನೇ. ಆಮೇಲೆ ಕೇಳಿದ, "ಯುದ್ಧ ಕಚೇರಿಯಿಂದ ಬಂತಾ?"

"ಇಲ್ಲ. ಸಾರ್ಜೆಂಟ್ ಹೇಳಿದ."

"ಹಾಗಾದ್ರೆ... ನೋಡಿ ಆಬ್ರಿ, ತಪ್ಪು ತಿಳೀಬೇಡಿ. ಕಾಗದ ಬರೋವರೆಗೂ ನಾನು ಇದನ್ನ ಮೇಲಕ್ಕೆ ಹೇಳೋ ಹಾಗಿಲ್ಲ. ನಿಯಮ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಮ್ನೆ ಮೈ ಸರಿಯಿಲ್ಲ ಅಂತ ಬರ್ಕೊಡಿ, ಮನೇಲಿರಿ."

ಮೈ ಸರಿಯಿಲ್ಲವೆಂದು ಬರೆದುಕೊಟ್ಟೆ. ಮನೆಗೆ ಬಂದು, ಮುಚ್ಚಿದ ಬಾಗಿಲ ಹೊರಗಿಂದ, ಅದನ್ನೂ ಗಸ್ಸಿಗೆ ಹೇಳಿದೆ.

ಅಕ್ಟೋಬರ್ 24, ಬುಧವಾರ

ಥೆಕ್ಲಾಳ ಸೂತಕ ಇವತ್ತಿಗೆ ಮುಗಿಯಿತು. ಬೆಳಿಗ್ಗೆ ಪಾಸ್ಕ್ ಕತ್ತರಿ ಹಿಡಿದುಕೊಂಡು ಬಂದು ನಿಂತ.

"ಬಿಚ್ಚಲಾ ಸ್ವಾಮಿ, ಇರಲಿ ಅಂತೀರಾ?"

ಆದೇಶ ನನ್ನದೇ. ಇಪ್ಪತ್ತನಾಲ್ಕರವರೆಗೆ. ಬಿಚ್ಚೆಂದೆ. ನನ್ನ ಮಗನಿಗೆ ಕಪ್ಪು ಉಡುವ ಹಕ್ಕು ನನಗಿನ್ನೂ ಬಂದಿಲ್ಲ. ಪಾಸ್ಕ್ ಹೊಲಿಗೆ ಬಿಚ್ಚುತ್ತ ಅಳುತ್ತಿದ್ದ. ಪೆರ್ರಿಗೆ ಬೂಟಿನ ದಾರ ಕಟ್ಟಲು ಕಲಿಸಿದವನು ಅವನು.

ಅಕ್ಟೋಬರ್ 29, ಸೋಮವಾರ. ಮಧ್ಯಾಹ್ನ

ಎಂಟು ದಿನದ ಮೇಲೆ ಗಸ್ಸಿ ಊಟಕ್ಕೆ ಕೆಳಗೆ ಬಂದಳು. ಹಸಿರು ಉಡುಪು, ಕೊರಳಿಗೆ ಮುತ್ತು. ಕೂದಲು ಅಚ್ಚುಕಟ್ಟು. ಸೂಪು ಬಡಿಸಿದ ಹುಡುಗಿ ಕರಿ ಪಟ್ಟಿ ಕಟ್ಟಿಕೊಂಡಿದ್ದಳು, ಪಾಪ, ತನಗೆ ತೋಚಿದಂತೆ.

"ಅದನ್ನ ಬಿಚ್ಚು ಎಲ್ಸಿ. ಈ ಮನೇಲಿ ಯಾರೂ ಕಪ್ಪು ಉಡಕೂಡದು."

ಎಲ್ಸಿ ನನ್ನ ಮುಖ ನೋಡಿದಳು. ಗಸ್ಸಿಯೂ ನೋಡಿದಳು.

"ಸರ್ಕಾರದ ಕಾಗದ ಬರದೆ ಸಾವಲ್ಲ. ಅದು ಸಾಹೇಬರ ನಿಯಮ. ಹದಿಮೂರು ದಿನ ಪಾಲಿಸಿದಾರೆ. ಇನ್ನು ಮೇಲೆ ಎಲ್ಲರೂ ಪಾಲಿಸೋಣ. ಅಲ್ವಾ ಆಬ್ರಿ?"

"ಗಸ್ಸಿ, ದಯವಿಟ್ಟು..."

"ಅಲ್ವಾ?"

"ಹೌದು."

ಊಟದ ನಂತರ ಹನ್ನೊಂದನೆಯ ಪಾರ್ಸೆಲ್ ಕಟ್ಟಿದಳು. ದಾರ ಹಿಡಿದುಕೊಳ್ಳಲು ನನ್ನನ್ನೇ ಕರೆದಳು. ಗಂಟು ಹಾಕುವಾಗ ನನ್ನ ಬೆರಳು ಒತ್ತಿ ಹಿಡಿಯಬೇಕು. ಹಿಡಿದೆ.

ನವೆಂಬರ್ 14, ಬುಧವಾರ

ಇವತ್ತು ಲೇಡಿ ಬ್ರಾಕ್ಲಿ ಚಹಾಕ್ಕೆ ಬಂದಿದ್ದಳು. ಗಸ್ಸಿ ಜಿನೀವಾದ ಪತ್ರ ತೋರಿಸಿದಳು, ಕೆಂಚು ಕೂದಲಿನ ಸಾಲು ಗಟ್ಟಿಯಾಗಿ ಓದಿದಳು. ಬಂದವರಿಗೆಲ್ಲ ಓದುತ್ತಾಳೆ. ಓದಿ ನನ್ನ ಕಡೆ ತಿರುಗುತ್ತಾಳೆ.

"ಆಬ್ರಿಗೂ ನಂಬಿಕೆ ಇದೆ. ಅಲ್ವಾ ಆಬ್ರಿ?"

"ಹೌದು."

"ವಸಂತದ ಹೊತ್ತಿಗೆ ಬಂದ್ಬಿಡ್ತಾನೆ ಅಂತಾರೆ ಇವರು. ಅಲ್ವಾ?"

"ಹೌದು."

ಮೊದಮೊದಲು ನನ್ನನ್ನು ಶಿಕ್ಷಿಸಲು ಹೀಗೆ ಮಾಡುತ್ತಾಳೆಂದುಕೊಂಡೆ. ಆಗಲಿ, ನನಗೆ ಸಲ್ಲಬೇಕಾದದ್ದೇ. ಆದರೆ ಇವತ್ತು ಲೇಡಿ ಬ್ರಾಕ್ಲಿ ಹೋದ ಮೇಲೆ ಗಸ್ಸಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ನಾನು ಬಾಗಿಲಲ್ಲಿದ್ದೆ, ಅವಳಿಗೆ ಗೊತ್ತಿರಲಿಲ್ಲ. ಆ ಪತ್ರವನ್ನು ಮತ್ತೆ ತೆಗೆದು ತನಗೆ ತಾನೇ ಓದಿಕೊಂಡಳು, ತುಟಿ ಆಡಿಸುತ್ತ. ಮುಖ ಬೆಳಗಿತು.

ಇದಕ್ಕೆ ಏನು ಮಾಡುವುದು? ಅವಳು ನಂಬಿದ್ದಾಳೋ, ನಟಿಸುತ್ತಿದ್ದಾಳೋ, ಅವಳಿಗೇ ತಿಳಿಯದೋ. ಕೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ. ಈ ಮನೆಯಲ್ಲಿ ನಿಜ ಹೇಳಬಲ್ಲವನೊಬ್ಬನಿದ್ದ, ಅವನು ಹೇಳಬೇಕಾದಾಗ ಹೇಳಲಿಲ್ಲ. ಈಗ ಹೇಳಿದರೂ ಅದಕ್ಕೆ ಬೆಲೆಯಿಲ್ಲ.

ಕಾಲು ಊದಿಯೇ ಇದೆ. ಅರಮನೆಯಿಂದ ಯಾರೂ ಬಂದಿಲ್ಲ.

ಡಿಸೆಂಬರ್ 4, ಮಂಗಳವಾರ. ಬೆಳಿಗ್ಗೆ ಹನ್ನೊಂದು

ಯುದ್ಧ ಕಚೇರಿಯ ಲಕೋಟೆ. ಪಾಸ್ಕ್ ತಟ್ಟೆಯಲ್ಲಿಟ್ಟು ತಂದ, ಇಟ್ಟು ಹೋದ. ಒಡೆದೆ. ಹಿಂದೆ ಕಾಣೆಯಾದನೆಂದು ತಿಳಿಸಲಾಗಿದ್ದವನು ಈಗ ಯುದ್ಧದಲ್ಲಿ ಮಡಿದನೆಂದು ದೃಢಪಟ್ಟಿದೆ. ಟೋಬಿನ್ ಕೊಟ್ಟ ಹೇಳಿಕೆಯ ಮೇಲೆ. ಮೊಹರು, ಸಹಿ. ಎಲ್ಲ ಕ್ರಮಬದ್ಧ.

ಇದನ್ನು ಅವಳ ಕೈಗೆ ಕೊಡಬೇಕು. ಈ ಸಲ ಒಂದು ಗಂಟೆಯೂ ಇಟ್ಟುಕೊಳ್ಳುವುದಿಲ್ಲ. ಹದಿನೈದು ಮೆಟ್ಟಿಲು. ಹೋಗಿ, ಬಾಗಿಲು ತಟ್ಟಿ, ಅವಳ ಪಕ್ಕ ಕೂತು, ಕೈ ಹಿಡಿದು ಹೇಳುತ್ತೇನೆ. ಮೆತ್ತಗೆ. ಪೆರ್ರಿ ಹೇಳಿದ್ದನಲ್ಲ.

ಹನ್ನೊಂದೂವರೆ

ಮೆಟ್ಟಿಲ ಬುಡದವರೆಗೆ ಹೋಗಿದ್ದೆ. ಮೇಲಿಂದ ಹಾಡು ಕೇಳಿಸಿತು. ಕತ್ತರಿಯ ಶಬ್ದ, ದಾರ ಕತ್ತರಿಸುತ್ತಿದ್ದಳು. ಹದಿನಾರನೆಯದೋ ಹದಿನೇಳನೆಯದೋ.

ವಾಪಸು ಬಂದು ಕೂತಿದ್ದೇನೆ. ಉಸಿರು ಹಿಡಿತಕ್ಕೆ ಬಂದ ಕೂಡಲೇ ಹೋಗುತ್ತೇನೆ.

ಹನ್ನೆರಡು ಹತ್ತು

ಮೆಟ್ಟಿಲ ಮೇಲಿಂದ ಅವಳೇ ಕೂಗಿದಳು. "ಆಬ್ರಿ, ಪಾಸ್ಕ್ ಏನೋ ತಂದ ಹಾಗಿತ್ತಲ್ಲ. ಏನದು?"

ಹಿಂದಿನ ದಿನಗಳ ದನಿ. ಮೆತ್ತಗಿತ್ತು. ಕೇಳಿ ಸುಮ್ಮನೆ ಕಾದು ನಿಂತಳು. ಅವಳಿಗೆ ಗೊತ್ತು. ನನಗೆ ಇನ್ನೊಂದು ಅವಕಾಶ ಕೊಡುತ್ತಿದ್ದಾಳೆ, ಇದೇ ಕೊನೆಯದು, ಅದೂ ನನಗೆ ತಿಳಿಯಿತು. ಬಾಯಿ ತೆರೆದೆ.

"ಅರಮನೆಯದು" ಎಂದೆ. "ಯಾರೋ ತೀರಿಕೊಂಡರಂತೆ. ನಮಗೆ ಸಂಬಂಧವಿಲ್ಲ."

ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು.

"ಎಷ್ಟು ದಿನದ ಸೂತಕ ಬರೀತೀರಿ ಅವರಿಗೆ?"

ಬಾಗಿಲ ಹತ್ತಿರ ಬಂದಿದ್ದಾಳೆ. ಲಕೋಟೆ ಮೇಜಿನ ಮೇಲೇ ಇದೆ, ಮುಚ್ಚಿಡಲು ಕೈ ಏಳುತ್ತಿಲ್ಲ, ಬರೆಯುತ್ತಿದ್ದೇನೆ, ಬರೆಯುತ್ತಿದ್ದರೆ ತಲೆ ಎತ್ತದೆ ಇರಬಹುದು... ಎಷ್ಟು ದಿನ ಎಂದು ಮತ್ತೆ ಕೇಳುತ್ತಿದ್ದಾಳೆ. ಬಾಗಿಲ ಹಿಡಿಕೆ ತಿರುಗು...